‘ಚೀನಾದ ಕಾನೂನು ಬರಬೇಕು’ ಎನ್ನುವ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯರೇ,

ಲೋಕಾಯುಕ್ತ ದಾಳಿಯಲ್ಲಿ ಸಿಕ್ಕ ನೋಟಿನ ಕಂತೆಗಳನ್ನು ಮಂಚದ ಮೇಲೆ ಹರಡಿ ತೆಗೆದ ಚಿತ್ರ ಪತ್ರಿಕೆಯಲ್ಲಿ ಬಂದ ದಿನ ನಿಮ್ಮ ಮಾತು ಎಲ್ಲ ಕಡೆ ಕೇಳಿಸುತ್ತದೆ. ಕಟಿಂಗ್ ಶಾಪಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: “ಇಂಥವರಿಗೆಲ್ಲ ಚೀನಾದ ಕಾನೂನೇ ಸರಿ. ಅಲ್ಲಿ ಲಂಚ ತಿಂದವನನ್ನು ಕರೆದುಕೊಂಡು ಹೋಗಿ ಮುಗಿಸಿಬಿಡ್ತಾರೆ.” ಈ ಪತ್ರ ಹಾಗೆನ್ನುವ ಎಲ್ಲರಿಗೂ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಜಮೀನಿನ ಪೋಡಿಗೆ, ಮನೆಯ ಖಾತೆಗೆ, ಮಗಳ ಜಾತಿ ಪ್ರಮಾಣಪತ್ರಕ್ಕೆ ಕೈ ಬೆಚ್ಚಗೆ ಮಾಡಿ ಬಂದವರ ಹೊಟ್ಟೆಯುರಿ ಏನೆಂದು ನನಗೆ ಗೊತ್ತು. ಸಿಕ್ಕಿಬಿದ್ದವನು ಕೆಲವೇ ತಿಂಗಳಲ್ಲಿ ಅದೇ ಇಲಾಖೆಯ ಇನ್ನೊಂದು ಕುರ್ಚಿಯಲ್ಲಿ ಕೂತಿರುವುದನ್ನು ನೋಡಿದಾಗ, ಕಾನೂನಿನ ಮೇಲಿನ ನಂಬಿಕೆ ಹೋಗುವುದೂ ಸಹಜ. ಆ ಸಿಟ್ಟು ಆರಬಾರದು. ಆದರೆ ಅದು ಯಾವ ಬಾಗಿಲು ತಟ್ಟಬೇಕು ಎನ್ನುವುದರಲ್ಲಿ ನನಗೂ ನಿಮಗೂ ಭಿನ್ನಾಭಿಪ್ರಾಯವಿದೆ. ಅದನ್ನು ನೀವೇ ಮೆಚ್ಚಿ ಹಂಚಿಕೊಂಡ ಒಂದು ಪ್ರಕರಣವನ್ನು ಇಟ್ಟುಕೊಂಡೇ ಹೇಳುತ್ತೇನೆ.

2021ರ ಜನವರಿ 29ರಂದು ಚೀನಾದ ತಿಯಾನ್‌ಜಿನ್ ನಗರದಲ್ಲಿ ಲಾಯ್ ಶಿಯಾವೊಮಿನ್ ಎಂಬ ಹಣಕಾಸು ಅಧಿಕಾರಿಗೆ ಮರಣದಂಡನೆ ಆಯಿತು. ‘2,000 ಕೋಟಿ ರೂಪಾಯಿ ಲಂಚ ತಿಂದವನ ಕಥೆ ಮುಗಿಸಿದ ಚೀನಾ’ ಎಂಬಂಥ ತಲೆಬರಹ ನಮ್ಮಲ್ಲಿಯೂ ಓಡಾಡಿತು. ಗುಂಡು ಹಾರಿಸಿದರು ಎಂದು ಕೆಲವರು ಸೇರಿಸಿಕೊಂಡರು. ಗುಂಡೋ, ಚುಚ್ಚುಮದ್ದೋ ಎಂಬುದನ್ನು ಚೀನಾದ ಸರ್ಕಾರಿ ಮಾಧ್ಯಮ ಹೇಳಿರಲಿಲ್ಲ. ನಮಗೆ ತಲುಪಿದ್ದು ಆ ಕಥೆಯ ಕೊನೆಯ ಪುಟ ಮಾತ್ರ. ಬ್ಯಾಂಕಿನಲ್ಲಿ ಸಾಲದ ಕಡತಗಳ ನಡುವೆ ಕೆಲಸ ಮಾಡಿ ನಿವೃತ್ತನಾದವನು ನಾನು. ಕಡತವನ್ನು ಮೊದಲ ಹಾಳೆಯಿಂದ ಓದುವುದು ಅಭ್ಯಾಸ. ಈ ಕಡತವನ್ನೂ ಹಾಗೆಯೇ ಓದೋಣ.

ಲಾಯ್ ಹುಟ್ಟಿದ್ದು 1962ರಲ್ಲಿ, ಜಿಯಾಂಗ್‌ಶಿ ಪ್ರಾಂತ್ಯದ ರುಯಿಜಿನ್‌ನಲ್ಲಿ. ಚೀನಾದ ಕಮ್ಯುನಿಸ್ಟರಿಗೆ ಅದು ಪುಣ್ಯಭೂಮಿ. 1931ರಲ್ಲಿ ಮಾವೊ ಮತ್ತು ಸಂಗಾತಿಗಳು ತಮ್ಮ ಸೋವಿಯತ್ ಗಣರಾಜ್ಯದ ರಾಜಧಾನಿ ಎಂದು ಘೋಷಿಸಿದ್ದು ಆ ಊರನ್ನೇ. ಅಲ್ಲಿಂದ ಬಂದ ಹುಡುಗ ಪ್ರಾಂತ್ಯದ ಹಣಕಾಸು ಕಾಲೇಜಿನಲ್ಲಿ ಓದಿ, 1983ರಲ್ಲಿ ದೇಶದ ಕೇಂದ್ರ ಬ್ಯಾಂಕಾದ ಪೀಪಲ್ಸ್ ಬ್ಯಾಂಕ್ ಆಫ್ ಚೀನಾ ಸೇರಿದ. ಸುಮಾರು ಎರಡು ದಶಕ ಅಲ್ಲಿ ಕಳೆದ. 2003ರಲ್ಲಿ ಬ್ಯಾಂಕುಗಳ ಮೇಲ್ವಿಚಾರಣೆಗೆಂದೇ ಪ್ರತ್ಯೇಕ ನಿಯಂತ್ರಣ ಆಯೋಗ ಹುಟ್ಟಿದಾಗ ಅಲ್ಲಿಗೆ ಹೋದ. ಅದರ ಬೀಜಿಂಗ್ ಶಾಖೆಯ ಮುಖ್ಯಸ್ಥನಾದ, ಮುಂದೆ ಆಯೋಗದ ಕೇಂದ್ರ ಕಚೇರಿಯ ಆಡಳಿತ ನೋಡಿಕೊಂಡ. ಬ್ಯಾಂಕುಗಳು ಎಲ್ಲೆಲ್ಲಿ ತಪ್ಪು ಮಾಡುತ್ತವೆ, ತಪಾಸಣೆಗೆ ಬಂದವರು ಯಾವ ಪುಟ ತಿರುವುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದೆಲ್ಲ ಅವನಿಗೆ ಅಂಗೈ ಮೇಲಿನ ಗೆರೆಯಷ್ಟು ಪರಿಚಿತವಾಗಿತ್ತು.

2009ರಲ್ಲಿ ಅವನು ಹುವಾರೋಂಗ್ ಎಂಬ ಸರ್ಕಾರಿ ಕಂಪನಿಗೆ ಬಂದ. ಈ ಕಂಪನಿ ಹುಟ್ಟಿದ ಕಾರಣ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. 1990ರ ದಶಕದ ಕೊನೆಗೆ ಚೀನಾದ ನಾಲ್ಕು ದೊಡ್ಡ ಸರ್ಕಾರಿ ಬ್ಯಾಂಕುಗಳು ವಸೂಲಾಗದ ಸಾಲದಲ್ಲಿ ಕುತ್ತಿಗೆಯವರೆಗೆ ಮುಳುಗಿದ್ದವು. ನಷ್ಟದಲ್ಲಿದ್ದ ಸರ್ಕಾರಿ ಕಾರ್ಖಾನೆಗಳಿಗೆ ಮೇಲಿನವರು ಹೇಳಿದರೆಂದು ಕೊಟ್ಟ ಸಾಲಗಳವು. 1999ರಲ್ಲಿ ಸರ್ಕಾರ ನಾಲ್ಕು ಕಂಪನಿಗಳನ್ನು ಕಟ್ಟಿ, ಸುಮಾರು 1.4 ಲಕ್ಷ ಕೋಟಿ ಯುವಾನ್‌ನಷ್ಟು ಕೆಟ್ಟ ಸಾಲವನ್ನು ಬ್ಯಾಂಕುಗಳ ಪುಸ್ತಕದಿಂದ ಇವುಗಳ ಪುಸ್ತಕಕ್ಕೆ ದಾಟಿಸಿತು. ಹುವಾರೋಂಗ್ ಪಾಲಿಗೆ ಬಂದದ್ದು ಇಂಡಸ್ಟ್ರಿಯಲ್ ಆ್ಯಂಡ್ ಕಮರ್ಷಿಯಲ್ ಬ್ಯಾಂಕಿನ ಸಾಲ. ಅಡಮಾನ ಮಾರಿ, ಚೌಕಾಸಿ ಮಾಡಿ, ಸಿಕ್ಕಷ್ಟು ವಸೂಲು ಮಾಡಿ ಹತ್ತು ವರ್ಷದಲ್ಲಿ ಬಾಗಿಲು ಮುಚ್ಚಬೇಕು ಎಂಬುದು ಮೂಲ ಯೋಜನೆ.

ಬಾಗಿಲು ಮುಚ್ಚಲಿಲ್ಲ. ಹತ್ತು ವರ್ಷದ ಗಡುವು ಬಂದ ಹೊತ್ತಿಗೇ ಲಾಯ್ ಬಂದ. ಬೇರೆಯವರ ಕೆಟ್ಟ ಸಾಲ ಸ್ವಚ್ಛ ಮಾಡಬೇಕಿದ್ದ ಕಂಪನಿ ಅವನ ಕೈಯಲ್ಲಿ ತಾನೇ ಸಾಲ ಕೊಡಲು ಹೊರಟಿತು. ಬ್ಯಾಂಕು, ಷೇರು ದಲ್ಲಾಳಿ ಸಂಸ್ಥೆ, ಟ್ರಸ್ಟ್, ಲೀಸಿಂಗ್, ಹಾಂಗ್‌ಕಾಂಗ್‌ನಲ್ಲಿ ಅಂಗಸಂಸ್ಥೆ, ಹೀಗೆ ಬೆಳೆಯಿತು. ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತಿದ್ದ ಬಿಲ್ಡರುಗಳಿಗೆ ಹೆಚ್ಚಿನ ಬಡ್ಡಿಗೆ ಹಣ ಕೊಟ್ಟಿತು. 2012ರಲ್ಲಿ ಅವನು ಅಧ್ಯಕ್ಷನಾದ. 2015ರ ಅಕ್ಟೋಬರಿನಲ್ಲಿ ಕಂಪನಿ ಹಾಂಗ್‌ಕಾಂಗ್ ಷೇರುಪೇಟೆಗೆ ಬಂದು ಸುಮಾರು 230 ಕೋಟಿ ಡಾಲರ್ ಎತ್ತಿತು. 2017ರ ಕೊನೆಗೆ ಅದರ ಒಟ್ಟು ಆಸ್ತಿ ಸುಮಾರು 1.87 ಲಕ್ಷ ಕೋಟಿ ಯುವಾನ್. ಪತ್ರಿಕೆಗಳು ಅವನನ್ನು ಹೊಗಳಿದವು. ಹೊರಗಿನಿಂದ ನೋಡಿದವರಿಗೆ ಇದು ಯಶಸ್ಸಿನ ಕಥೆ.

2018ರ ಏಪ್ರಿಲ್ 17ರಂದು ಪಕ್ಷದ ಶಿಸ್ತು ಆಯೋಗ ಅವನ ಮೇಲೆ ತನಿಖೆ ಘೋಷಿಸಿತು. ಅಕ್ಟೋಬರಿನಲ್ಲಿ ಪಕ್ಷದಿಂದ ಉಚ್ಚಾಟನೆ. 2020ರ ಜನವರಿಯಲ್ಲಿ ಸರ್ಕಾರಿ ಟಿ.ವಿ. ಒಂದು ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. ಬೀಜಿಂಗ್‌ನ ಒಂದು ಫ್ಲ್ಯಾಟಿನಲ್ಲಿ ತಿಜೋರಿ ತುಂಬ ನೋಟು. 20 ಕೋಟಿ ಯುವಾನ್‌ಗಿಂತ ಹೆಚ್ಚು ನಗದು. ಚೀನಾದ ಅತಿ ದೊಡ್ಡ ನೋಟು 100 ಯುವಾನ್‌ನದು. ಅಂದರೆ 20 ಲಕ್ಷಕ್ಕೂ ಹೆಚ್ಚು ನೋಟುಗಳು. ಖರ್ಚು ಮಾಡಲು ಧೈರ್ಯವಾಗದೆ ಅಲ್ಲೇ ಇಟ್ಟಿದ್ದೆ ಎಂದು ಅವನೇ ಕ್ಯಾಮೆರಾ ಮುಂದೆ ಒಪ್ಪಿಕೊಂಡ. ಆಗಸ್ಟ್‌ನಲ್ಲಿ ವಿಚಾರಣೆ. 2021ರ ಜನವರಿ 5ರಂದು ತಿಯಾನ್‌ಜಿನ್ ನ್ಯಾಯಾಲಯದ ತೀರ್ಪು: 2008ರಿಂದ 2018ರವರೆಗೆ 178.8 ಕೋಟಿ ಯುವಾನ್ ಲಂಚ, ಅದರಲ್ಲಿ ಒಂದೇ ಲಂಚ 60 ಕೋಟಿ ಯುವಾನ್‌ಗೂ ಮೇಲೆ, 2.5 ಕೋಟಿ ಯುವಾನ್‌ನಷ್ಟು ಸಾರ್ವಜನಿಕ ಹಣದ ದುರುಪಯೋಗ, ಜೊತೆಗೆ ದ್ವಿಪತ್ನಿತ್ವ. ಸಾಮಾನ್ಯವಾಗಿ ಅಲ್ಲಿ ಇಂಥ ಪ್ರಕರಣಗಳಲ್ಲಿ ಮರಣದಂಡನೆಗೆ ಎರಡು ವರ್ಷದ ತಡೆ ಕೊಟ್ಟು, ಆಮೇಲೆ ಜೀವಾವಧಿಗೆ ಇಳಿಸುತ್ತಾರೆ. ಅವನಿಗೆ ಆ ತಡೆ ಸಿಗಲಿಲ್ಲ. ಜನವರಿ 21ಕ್ಕೆ ಮೇಲ್ಮನವಿ ವಜಾ. 29ಕ್ಕೆ ಎಲ್ಲ ಮುಗಿಯಿತು.

ಇಷ್ಟು ಓದಿ ನೀವು “ನೋಡಿ, ಇದೇ ಬೇಕು ನಮಗೆ” ಎನ್ನಬಹುದು. ಈಗ ನನ್ನ ಪ್ರಶ್ನೆಗಳಿಗೆ ಬರುತ್ತೇನೆ.

ಮೊದಲನೆಯದು ಹೆದರಿಕೆಯ ಪ್ರಶ್ನೆ. ಒಬ್ಬನನ್ನು ಕೊಂದರೆ ನೂರು ಜನ ಹೆದರುತ್ತಾರೆ ಎಂಬುದು ನಿಮ್ಮ ವಾದದ ಬೆನ್ನುಮೂಳೆ. ದಿನಾಂಕಗಳನ್ನು ನೋಡಿ. 2000ರ ಸೆಪ್ಟೆಂಬರಿನಲ್ಲಿ ಚೀನಾ ತನ್ನ ಸಂಸತ್ತಿನ ಸ್ಥಾಯಿ ಸಮಿತಿಯ ಉಪಾಧ್ಯಕ್ಷ ಚೆಂಗ್ ಕೆಜಿಯೆಯನ್ನು ಕೊಂದಿತು. ಅವನ ಮೇಲಿದ್ದ ಲಂಚದ ಮೊತ್ತ ಸುಮಾರು 4.1 ಕೋಟಿ ಯುವಾನ್. 2007ರ ಜುಲೈ 10ರಂದು ಔಷಧ ನಿಯಂತ್ರಣ ಇಲಾಖೆಯ ಮಾಜಿ ಮುಖ್ಯಸ್ಥ ಜೆಂಗ್ ಶಿಯಾವ್‌ಯುವನ್ನು ಕೊಂದಿತು. ಅವನದು 65 ಲಕ್ಷ ಯುವಾನ್‌ನಷ್ಟು. ಒಬ್ಬ ನಿಯಂತ್ರಕನಿಗೆ ಲಂಚಕ್ಕಾಗಿ ಮರಣದಂಡನೆಯಾದ ಸುದ್ದಿ ಬೀಜಿಂಗ್‌ನ ಇನ್ನೊಂದು ನಿಯಂತ್ರಣ ಕಚೇರಿಯಲ್ಲಿದ್ದ ಲಾಯ್‌ಗೆ ತಿಳಿಯದಿರಲು ಸಾಧ್ಯವೇ ಇಲ್ಲ. ನ್ಯಾಯಾಲಯದ ಲೆಕ್ಕದ ಪ್ರಕಾರ ಅವನ ಲಂಚದ ಸರಣಿ ಶುರುವಾಗುವುದು ಮರುವರ್ಷ, 2008ರಲ್ಲಿ. ಮುಂದೆ 2012ರ ಕೊನೆಯಲ್ಲಿ ಷಿ ಜಿನ್‌ಪಿಂಗ್ ಅಧಿಕಾರಕ್ಕೆ ಬಂದು, ದೊಡ್ಡ ಹುಲಿಗಳನ್ನೂ ಸಣ್ಣ ನೊಣಗಳನ್ನೂ ಬಿಡುವುದಿಲ್ಲ ಎಂದು ಭಾರಿ ಕಾರ್ಯಾಚರಣೆ ಆರಂಭಿಸಿದರು. ಹುವಾರೋಂಗ್ ಉಬ್ಬಿದ್ದು ಅದೇ ವರ್ಷಗಳಲ್ಲಿ. 4.1 ಕೋಟಿಯಿಂದ 178.8 ಕೋಟಿಗೆ ಮೊತ್ತ ಏರಿದ್ದು ಮರಣದಂಡನೆ ಇದ್ದ ದೇಶದಲ್ಲೇ. ಕದಿಯುವವನು ಶಿಕ್ಷೆಯ ತೂಕವನ್ನು ಲೆಕ್ಕ ಹಾಕುವುದಿಲ್ಲ. ಸಿಕ್ಕಿಬೀಳುತ್ತೇನೆಯೇ ಎಂದು ಲೆಕ್ಕ ಹಾಕುತ್ತಾನೆ. ತಿಜೋರಿಯ ಹಣ ಖರ್ಚು ಮಾಡಲು ಹೆದರಿದ ಮನುಷ್ಯ, ತೆಗೆದುಕೊಳ್ಳಲು ಹತ್ತು ವರ್ಷ ಹೆದರಲಿಲ್ಲ.

ಎರಡನೆಯದು, ಹತ್ತು ವರ್ಷ ಅವನಿಗೆ ‘ಬೇಡ’ ಎನ್ನುವವರು ಯಾರೂ ಇರಲಿಲ್ಲವೇ ಎಂಬ ಪ್ರಶ್ನೆ. ಈ ಪ್ರಕರಣದ ಜೀವಾಳ ಇಲ್ಲಿದೆ. ಅವನು ಕಂಪನಿಯ ಅಧ್ಯಕ್ಷ, ಕಾನೂನು ಪ್ರಕಾರ ಅದರ ಪ್ರತಿನಿಧಿ, ಮತ್ತು ಕಂಪನಿಯೊಳಗಿನ ಪಕ್ಷದ ಕಾರ್ಯದರ್ಶಿ. ಮೂರೂ ಒಬ್ಬನೇ. ನಿರ್ದೇಶಕರ ಮಂಡಳಿ ಇತ್ತು, ಆದರೆ ಮೇಲೆ ಪಕ್ಷದ ಮಾತಿತ್ತು, ಆ ಮಾತು ಆಡುವವನೂ ಅವನೇ. ಒಳಗಿನ ಶಿಸ್ತು ವಿಭಾಗ ಅವನ ಕೈಕೆಳಗಿನ ವ್ಯವಸ್ಥೆ. ದೊಡ್ಡ ಸಾಲಕ್ಕೆ ಅವನು ತಲೆಯಾಡಿಸಿದರೆ ಮುಗಿಯಿತು. ಕೈಕೆಳಗಿನ ಸಾಲಾಧಿಕಾರಿ ಕಡತದಲ್ಲಿ ‘ಈ ಬಿಲ್ಡರಿಗೆ ಕೊಡಬಾರದು’ ಎಂದು ಬರೆದರೆ, ಆ ಟಿಪ್ಪಣಿಯನ್ನು ಕಾಪಾಡುವವರು ಯಾರು? ಬ್ಯಾಂಕಿನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ: ಮೇಲಿನವರಿಗೆ ಬೇಕಾದ ಸಾಲಕ್ಕೆ ಅಡ್ಡಿ ಬರೆದ ಕಿರಿಯನ ಗತಿ ಏನಾಗುತ್ತದೆ ಎಂದು ಅವರು ಹೇಳುತ್ತಾರೆ.

ಹೊರಗಿನವರೂ ಇದ್ದರು. ಕಂಪನಿಯ ದೊಡ್ಡ ಪಾಲುದಾರ ಚೀನಾದ ಹಣಕಾಸು ಸಚಿವಾಲಯವೇ. ವಾರ್‌ಬರ್ಗ್ ಪಿಂಕಸ್, ಗೋಲ್ಡ್‌ಮನ್ ಸ್ಯಾಕ್ಸ್‌ನಂಥ ವಿದೇಶಿ ಹೂಡಿಕೆದಾರರು ಹಣ ಹಾಕಿದ್ದರು. ರೇಟಿಂಗ್ ಸಂಸ್ಥೆಗಳು ಅದರ ಬಾಂಡುಗಳನ್ನು ಹೂಡಿಕೆಗೆ ಯೋಗ್ಯ ಎಂದು ಗುರುತಿಸಿದ್ದವು. ಹಿಂದೆ ಸರ್ಕಾರ ಇದೆಯಲ್ಲ ಎಂಬ ಭರವಸೆ. ಲೆಕ್ಕ ಪರಿಶೋಧನೆ ಮಾಡಿದ್ದು ಜಗತ್ತಿನ ನಾಲ್ಕು ದೊಡ್ಡ ಆಡಿಟ್ ಸಂಸ್ಥೆಗಳಲ್ಲಿ ಒಂದಾದ ಡೆಲಾಯ್ಟ್. 2023ರ ಮಾರ್ಚ್‌ನಲ್ಲಿ ಅದೇ ಹಣಕಾಸು ಸಚಿವಾಲಯ, 2014ರಿಂದ 2019ರವರೆಗಿನ ಹುವಾರೋಂಗ್ ಆಡಿಟ್‌ನಲ್ಲಿ ಗಂಭೀರ ಲೋಪವಾಗಿದೆ ಎಂದು ಆ ಸಂಸ್ಥೆಗೆ ಸುಮಾರು 21 ಕೋಟಿ ಯುವಾನ್ ದಂಡ ಹಾಕಿ, ಅದರ ಬೀಜಿಂಗ್ ಕಚೇರಿಯನ್ನು 3 ತಿಂಗಳು ಅಮಾನತಿನಲ್ಲಿಟ್ಟಿತು. ಲಾಯ್ ಸತ್ತು ಎರಡು ವರ್ಷವಾದ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ನಮ್ಮ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ.

ಮೂರನೆಯದು ಹಣ. ಗೆಳೆಯರೇ, ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. ಲಾಯ್ ತಿಂದ ಲಂಚ 178.8 ಕೋಟಿ ಯುವಾನ್. ಅವನ ಮರಣದಂಡನೆಯಾದ ಎರಡೇ ತಿಂಗಳಿಗೆ, 2021ರ ಮಾರ್ಚ್ ಕೊನೆಗೆ, ಹುವಾರೋಂಗ್ ತನ್ನ ವಾರ್ಷಿಕ ಲೆಕ್ಕ ಪ್ರಕಟಿಸಲಾಗದೆ ಕೈಚೆಲ್ಲಿತು. ಏಪ್ರಿಲ್ 1ರಿಂದ ಅದರ ಷೇರು ವಹಿವಾಟು ನಿಂತಿತು. ಸಾವಿರಾರು ಕೋಟಿ ಡಾಲರ್‌ಗಳ ಅಂತರರಾಷ್ಟ್ರೀಯ ಬಾಂಡ್ ಮಾರುಕಟ್ಟೆ ತಲ್ಲಣಿಸಿತು. ಆಗಸ್ಟ್‌ನಲ್ಲಿ ಕಂಪನಿ ಒಪ್ಪಿಕೊಂಡ 2020ರ ನಷ್ಟ: 10,290 ಕೋಟಿ ಯುವಾನ್. ಲಂಚದ ಮೊತ್ತದ 57 ಪಟ್ಟು! ಲಾಯ್ ಕಾಲದ ಮಿತಿಮೀರಿದ ವಿಸ್ತರಣೆಯ ಕೆಟ್ಟ ಆಸ್ತಿಗಳೇ ಇದಕ್ಕೆ ದೊಡ್ಡ ಕಾರಣವೆಂದು ಕಂಪನಿಯೇ ಹೇಳಿತು. ಕೊನೆಗೆ ಸಿಟಿಕ್ ಎಂಬ ಇನ್ನೊಂದು ಸರ್ಕಾರಿ ಸಮೂಹದ ನೇತೃತ್ವದಲ್ಲಿ 4,200 ಕೋಟಿ ಯುವಾನ್ ಸುರಿದು ಅದನ್ನು ಎತ್ತಿ ನಿಲ್ಲಿಸಿದರು. ಒಂಬತ್ತು ತಿಂಗಳ ಬಳಿಕ ವಹಿವಾಟು ಮತ್ತೆ ಶುರುವಾದ ದಿನ ಷೇರು ಬೆಲೆ ಅರ್ಧಕ್ಕರ್ಧ ಬಿತ್ತು. ಇಂದು ಆ ಕಂಪನಿಯ ಹೆಸರೂ ಉಳಿದಿಲ್ಲ. 2024ರಲ್ಲಿ ಸಿಟಿಕ್ ಹೆಸರಿಗೆ ಬದಲಾಯಿತು.

ನಾವು ಲಂಚದ ಕಂತೆಯನ್ನು ನೋಡಿ ಹೌಹಾರುತ್ತೇವೆ. ಲಂಚ ಕೊಟ್ಟವನು ಅದರ ಹತ್ತಾರು ಪಟ್ಟನ್ನು ಸಾರ್ವಜನಿಕ ಬೊಕ್ಕಸದಿಂದ ಎಳೆದುಕೊಂಡಿರುತ್ತಾನೆ. ಅದು ಚಿತ್ರದಲ್ಲಿ ಕಾಣುವುದಿಲ್ಲ. ಕೊಡಬಾರದವನಿಗೆ ಕೊಟ್ಟ ಒಂದು ಸಾಲ ಅರ್ಧ ಕಟ್ಟಿದ ಅಪಾರ್ಟ್‌ಮೆಂಟಾಗಿ ನಿಲ್ಲುತ್ತದೆ. ಆ ಫ್ಲ್ಯಾಟಿಗೆ ಮುಂಗಡ ಕಟ್ಟಿದ ಸಂಸಾರ, ಆ ಬಾಂಡಿನಲ್ಲಿ ನಿವೃತ್ತಿಯ ಹಣ ಇಟ್ಟವರು, ನಷ್ಟ ತುಂಬಿಕೊಡಲು ತೆರಿಗೆ ಕಟ್ಟಿದವರು, ಇವರಲ್ಲಿ ಯಾರಿಗೂ ತಿಯಾನ್‌ಜಿನ್‌ನ ಮರಣದಂಡನೆ ಒಂದು ಯುವಾನ್ ಕೂಡ ವಾಪಸು ತರಲಿಲ್ಲ.

ನಾಲ್ಕನೆಯದು ಸತ್ಯ. ತೀರ್ಪಿನಿಂದ ಸಾವಿಗೆ 24 ದಿನ. ತನ್ನ ಕೈಕೆಳಗಿನವರ ಅಪರಾಧಗಳ ಬಗ್ಗೆ ಲಾಯ್ ಕೊಟ್ಟ ಸುಳಿವು ನಿಜವಾಗಿತ್ತು ಎಂದು ನ್ಯಾಯಾಲಯವೇ ಹೇಳಿತು. ಆದರೂ ಶಿಕ್ಷೆ ಇಳಿಸಲು ಅದು ಸಾಲದು ಎಂದಿತು. ಒಂಬತ್ತು ವರ್ಷ ಆ ಕಂಪನಿಯಲ್ಲಿ ಕೂತ ಮನುಷ್ಯನಿಗೆ ಯಾರು ಫೋನ್ ಮಾಡಿ ಯಾವ ಸಾಲ ಕೊಡಿಸಿದರು, ಯಾರ ಆಶೀರ್ವಾದದಿಂದ ಮೇಲೇರಿದ, ಯಾರು ಕಣ್ಣು ಮುಚ್ಚಿಕೊಂಡರು, ಇದನ್ನೆಲ್ಲ ತೆರೆದ ನ್ಯಾಯಾಲಯದಲ್ಲಿ ಪಾಟೀಸವಾಲಿಗೆ ಒಡ್ಡಿ ತೆಗೆಯಬಹುದಿತ್ತು. ವಿಚಾರಣೆಗೆ ಏಳು ತಿಂಗಳು ಮುಂಚೆಯೇ ತಪ್ಪೊಪ್ಪಿಗೆ ಟಿ.ವಿ.ಯಲ್ಲಿ ಬಂದಾಗಿತ್ತು. ದೊಡ್ಡ ಕಳ್ಳನ ಬಾಯಿ ಶಾಶ್ವತವಾಗಿ ಮುಚ್ಚಿದಾಗ ನೆಮ್ಮದಿಯ ಉಸಿರು ಬಿಡುವವರು ಯಾರು? ಅವನೊಂದಿಗೆ ಪಾಲು ಹಂಚಿಕೊಂಡವರು. ಎಷ್ಟು ಜನರಿಗೆ ಮರಣದಂಡನೆಯಾಗುತ್ತದೆ ಎಂಬ ಅಂಕಿಯೇ ಆ ದೇಶದಲ್ಲಿ ಸರ್ಕಾರಿ ರಹಸ್ಯ. ನೀವು ಬಯಸುವ ಕಾನೂನು ಆ ಕತ್ತಲೆಯನ್ನೂ ಜೊತೆಗೇ ತರುತ್ತದೆ. ತಪ್ಪು ಮಾಡದವನೊಬ್ಬ ಅದರಲ್ಲಿ ಸಿಕ್ಕಿಕೊಂಡರೆ ಅವನ ಪರ ಬರೆಯುವ ಪತ್ರಿಕೆ, ವಾದಿಸುವ ವಕೀಲ ಸಿಗುವುದು ಕಷ್ಟ.

ಲಾಯ್‌ನ ಕೈಕೆಳಗಿದ್ದ ಬಾಯ್ ತಿಯಾನ್‌ಹುಯಿ ಎಂಬಾತನನ್ನೂ 2025ರ ಡಿಸೆಂಬರ್ 9ರಂದು ಕೊಂದರು. ಹುವಾರೋಂಗ್‌ನ ಹಾಂಗ್‌ಕಾಂಗ್ ಅಂಗಸಂಸ್ಥೆಯ ವ್ಯವಸ್ಥಾಪಕನಾಗಿದ್ದ ಅವನ ಲಂಚ 110 ಕೋಟಿ ಯುವಾನ್‌ಗೂ ಹೆಚ್ಚು. ಅದು 2014ರಿಂದ 2018ರ ಅವಧಿಯದು. ಅಧ್ಯಕ್ಷ ತಿನ್ನುತ್ತಿದ್ದ ಕಾಲದಲ್ಲೇ, ಅದೇ ಸಂಸ್ಥೆಯಲ್ಲಿ, ಇನ್ನೊಬ್ಬ ಇಷ್ಟು ತಿಂದ. ಇಬ್ಬರೂ ಹುಟ್ಟಾ ರಾಕ್ಷಸರಾಗಿದ್ದರು ಎಂದು ನಂಬುವುದು ಸುಲಭ. ಪ್ರಶ್ನೆ ಕೇಳುವವರಿಲ್ಲದ ಮನೆಯಲ್ಲಿ ಇಬ್ಬರೂ ಬೆಳೆದರು ಎಂಬುದು ನನಗೆ ಕಾಣುವ ಸತ್ಯ.

ನೀವು ತಿರುಗಿ ಕೇಳುತ್ತೀರಿ: “ಅಲ್ಲಿ ಮೂರು ವರ್ಷದಲ್ಲಿ ತೀರ್ಮಾನವಾಯಿತು. ಇಲ್ಲಿ ಮೂವತ್ತು ವರ್ಷವಾದರೂ ಆಗುವುದಿಲ್ಲ. ಅದಕ್ಕೇನು ಹೇಳುತ್ತೀರಿ?” ಈ ಮಾತಿಗೆ ನನ್ನ ಬಳಿ ಸಬೂಬಿಲ್ಲ. ನಮ್ಮ ವಿಳಂಬ ನಾಚಿಕೆಗೇಡಿನದು. ಆದರೆ ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. ನಿಮ್ಮನ್ನು ಕಾಡುತ್ತಿರುವುದು ಶಿಕ್ಷೆ ಹಗುರವಾಗಿರುವುದಲ್ಲ, ಶಿಕ್ಷೆ ಆಗದೇ ಇರುವುದು. ಹತ್ತು ವರ್ಷದ ಜೈಲು ಖಂಡಿತವಾಗಿ, ಬೇಗ, ಎಲ್ಲರಿಗೂ ಆಗುವಂತಿದ್ದರೆ ಗಲ್ಲಿನ ಮಾತು ನಿಮ್ಮ ಬಾಯಿಗೆ ಬರುತ್ತಿರಲಿಲ್ಲ. ಹಾಗಿದ್ದರೆ ಬೇಗ ಮತ್ತು ಖಂಡಿತ ಎಂಬ ಎರಡನ್ನು ಕೇಳೋಣ.

ಕೇಳುವ ಸಂದರ್ಭ ನಮ್ಮ ಮುಂದೆಯೇ ಬಂದು ಹೋಗಿದೆ. 2016ರಲ್ಲಿ ಕರ್ನಾಟಕ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಎಂಬ ಸಂಸ್ಥೆ ಕಟ್ಟಿ, ಲೋಕಾಯುಕ್ತ ಪೊಲೀಸರಿಗಿದ್ದ ಲಂಚ ಪ್ರಕರಣಗಳ ತನಿಖೆಯ ಅಧಿಕಾರವನ್ನು ತನ್ನ ಕೈಕೆಳಗಿನ ಆ ದಳಕ್ಕೆ ವರ್ಗಾಯಿಸಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನು ರದ್ದು ಮಾಡುವವರೆಗೆ ಆರು ವರ್ಷ ಹಾಗೇ ನಡೆಯಿತು. ಹಾಗೆಯೇ, ಹಗರಣವನ್ನು ಒಳಗಿನಿಂದ ಬಯಲು ಮಾಡುವವರನ್ನು ಕಾಪಾಡುವ ಕಾಯ್ದೆಯನ್ನು ಸಂಸತ್ತು 2014ರಲ್ಲಿ ಅಂಗೀಕರಿಸಿತು. ಅದು ಇನ್ನೂ ಜಾರಿಗೆ ಬಂದಿಲ್ಲ. ಗಲ್ಲು ಕೇಳುವ ದನಿಗಳು ಈ ಎರಡು ವಿಷಯದಲ್ಲಿ ಅಷ್ಟೇ ಗಟ್ಟಿಯಾಗಿ ಎದ್ದಿದ್ದರೆ, ಸಾಲದ ಕಡತದಲ್ಲಿ ‘ಕೊಡಬಾರದು’ ಎಂದು ಬರೆಯುವ ಕಿರಿಯ ಅಧಿಕಾರಿಗೆ ಬೆನ್ನಿಗೆ ನಿಂತವರೊಬ್ಬರಿದ್ದಾರೆ ಎಂಬ ಧೈರ್ಯ ಬರುತ್ತಿತ್ತು.

ಆದ್ದರಿಂದ ನನ್ನ ಕೋರಿಕೆಗಳು ಇಷ್ಟು. ನಿಮ್ಮ ಸಹಕಾರಿ ಸಂಘದ ಸರ್ವ ಸದಸ್ಯರ ಸಭೆಗೆ ಹೋದಾಗ ಸಿಹಿ ಪೊಟ್ಟಣ ತೆಗೆದುಕೊಂಡು ಎದ್ದು ಬರಬೇಡಿ. ಆಡಿಟ್ ವರದಿಯ ಪ್ರತಿ ಕೇಳಿ, ದೊಡ್ಡ ಸಾಲಗಳಲ್ಲಿ ಎಷ್ಟು ಬಾಕಿಯಿದೆ, ನಿರ್ದೇಶಕರ ಸಂಬಂಧಿಕರಿಗೆ ಎಷ್ಟು ಹೋಗಿದೆ ಎಂದು ಎದ್ದು ನಿಂತು ಕೇಳಿ. ಒಬ್ಬನೇ ವ್ಯಕ್ತಿ ವರ್ಷಾನುಗಟ್ಟಲೆ ಅಧ್ಯಕ್ಷನಾಗಿ, ಅವನ ಬೆಳವಣಿಗೆಯ ಅಂಕಿ ನೋಡಿ ಎಲ್ಲರೂ ಚಪ್ಪಾಳೆ ತಟ್ಟುತ್ತಿರುವ ಸಂಸ್ಥೆಯಲ್ಲೇ ಮೊದಲು ಕೇಳಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿದವನನ್ನು ‘ತಲೆಹರಟೆ’ ಎಂದು ಕರೆಯುವುದನ್ನು ಬಿಡಿ. ಲಂಚ ತೆಗೆದುಕೊಂಡವನ ಹೆಸರು ಕೇಳುವಾಗಲೆಲ್ಲ ಕೊಟ್ಟವನ ಹೆಸರನ್ನೂ ಕೇಳಿ. ಮತ ಕೇಳಲು ಬಂದವರಿಗೆ, ಲೋಕಾಯುಕ್ತದಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಅಭಿಯೋಜನೆಗೆ ಅನುಮತಿ ಸಿಗದೆ ಎಷ್ಟು ಕಡತ ಕೂತಿವೆ ಎಂಬ ಪ್ರಶ್ನೆ ಹಾಕಿ.

ಈ ಕೆಲಸಗಳಲ್ಲಿ ಗಲ್ಲಿನ ಮಾತಿನ ಬಿಸಿ ಇಲ್ಲ. ಯಾವುದೂ ಒಂದು ದಿನದಲ್ಲಿ ಮುಗಿಯುವುದಿಲ್ಲ. ಆದರೆ ಲಾಯ್ ಶಿಯಾವೊಮಿನ್ ಹೆದರಬೇಕಿದ್ದುದು ಇವಕ್ಕೇ. 2008ರಲ್ಲಿ ಮೊದಲ ಲಂಚಕ್ಕೆ ಕೈ ಒಡ್ಡಿದ ದಿನ ಯಾರಾದರೊಬ್ಬರು ಪ್ರಶ್ನೆ ಕೇಳಬಲ್ಲವರಾಗಿದ್ದರೆ, ಚೀನಾದ ಜನರ ಹಣವೂ ಉಳಿಯುತ್ತಿತ್ತು, ಒಬ್ಬ ಮನುಷ್ಯನ ಜೀವವೂ ಉಳಿಯುತ್ತಿತ್ತು. ಮುಂದಿನ ಸಲ ನೋಟಿನ ಕಂತೆಯ ಚಿತ್ರ ಬಂದಾಗ, ಅವನಿಗೆ ಏನು ಶಿಕ್ಷೆ ಎಂದು ಕೇಳುವ ಮೊದಲು, ಇಷ್ಟು ವರ್ಷ ಇವನನ್ನು ತಡೆಯಬೇಕಾದವರು ಯಾರು ಮತ್ತು ಅವರ ಕೈ ಕಟ್ಟಿದವರು ಯಾರು ಎಂದು ಕೇಳಿ. ನೀವು ಆ ಪ್ರಶ್ನೆ ಎತ್ತುವ ದಿನ ನಾನೂ ನಿಮ್ಮ ಪಕ್ಕದಲ್ಲಿ ನಿಲ್ಲುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ